ಹಲ್ಲು ಮತ್ತು ದವಡೆ, ಮೂರನೇ ಭಾಗ

ಖಾಕಿ ಕಾಗದದ ಬೈಂಡು ಹಾಕಿದ ಪುಸ್ತಕ ಕಂಡರೆ ಈಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ಮೂವತ್ತು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ಟೀಚರು ನಾನು. ಜೂನ್ ತಿಂಗಳು ಬಂತೆಂದರೆ ಆ ಕಾಗದದ ವಾಸನೆಗೇ ಹಿಗ್ಗುತ್ತಿದ್ದೆ. ಮಡಿಕೆ ಸರಿಯಾಗಿ ಕೂತಿದೆಯೇ, ಲೇಬಲ್ಲು ಸೊಟ್ಟಗಿದೆಯೇ ಎಂದು ಮಕ್ಕಳ ಪುಸ್ತಕಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಚೆನ್ನಾಗಿ ಹಾಕಿದವರಿಗೆ ಶಭಾಷ್ ಎನ್ನುತ್ತಿದ್ದೆ. ಈಗ ಯಾವ ಮಗುವಿನ ಪುಸ್ತಕ ಕಂಡರೂ ಒಳಗೆ ನಿಜವಾಗಿ ಏನಿದೆಯೋ ಎಂದು ತೆರೆದು ನೋಡುವ ಚಾಳಿ ಅಂಟಿಕೊಂಡಿದೆ. ಕಾರಣ ಹೇಳುತ್ತೇನೆ. ಕೇಳಿದ ಮೇಲೆ ನೀವು ನನ್ನನ್ನು ಸಣ್ಣ ಮನಸ್ಸಿನವಳು ಅಂದರೂ ಸರಿಯೆ, ಅದರಲ್ಲಿ ಸುಳ್ಳೇನೂ ಇಲ್ಲ.

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದದ್ದು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಸೀಬೆಕಾಯಿಯನ್ನು ಲಂಗದ ಅಂಚಿನಲ್ಲಿ ಮುಚ್ಚಿ, ಕಾಗೆ ಎಂಜಲು ಮಾಡಿ, ಅರ್ಧವನ್ನು ಹಿಂದಿನ ಬೆಂಚಿನವಳಿಗೆ ಕೊಟ್ಟಳು. ನನಗೆ ಸೀಬೆಕಾಯಿ ಇಷ್ಟವೇ ಇರಲಿಲ್ಲ. ಆದರೂ ಜ್ವರ ಬಂದಿದೆ ಎಂದು ಎರಡು ದಿನ ಸ್ಕೂಲಿಗೆ ಹೋಗದೆ ಮಲಗಿದೆ. ಅಮ್ಮ ಹಣೆ ಮುಟ್ಟಿ ನೋಡಿ, "ಇದು ಜ್ವರ ಅಲ್ಲ, ಕಿಚ್ಚು. ಎದ್ದು ಸ್ನಾನ ಮಾಡು" ಅಂದರು. ಒಡವೆಗೆ, ಸೀರೆಗೆ, ಬೇರೆಯವರ ಮನೆ ಕಟ್ಟಿದ್ದಕ್ಕೆ ನಾನು ಯಾವತ್ತೂ ಕರುಬಿದವಳಲ್ಲ. ನನ್ನವರು ಅಂದುಕೊಂಡವರು ಬೇರೆಯವರ ಜೊತೆ ನಗುವುದನ್ನು ಮಾತ್ರ ನೋಡಲಾರೆ. ಮದುವೆಯಾದ ಹೊಸತರಲ್ಲಿ ಇದರ ಪೆಟ್ಟು ನನ್ನ ಗಂಡನಿಗೆ ಬೀಳಬೇಕಿತ್ತು, ಬೀಳಲಿಲ್ಲ. ಅವರು ಯಾರ ಜೊತೆಯೂ ನಗುವವರಲ್ಲ. ಹಾಗಾಗಿ ಆ ಕಿಚ್ಚೆಲ್ಲ ಪೂರ್ತಿಯಾಗಿ ಉಳಿದದ್ದು ನಸೀಮಾಳ ಪಾಲಿಗೆ.

ನಸೀಮಾ ನನಗೆ ಸಿಕ್ಕಿದ್ದು ಹಲಸೂರಿನ ವಠಾರದಲ್ಲಿ. ನಾಲ್ಕು ಮನೆ, ಒಂದು ನಲ್ಲಿ, ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಇಬ್ಬರಿಗೂ ಹದಿನಾಲ್ಕು ಹದಿನೈದು ವಯಸ್ಸು. ಅವಳು ಉರ್ದು ಸ್ಕೂಲಿನಲ್ಲಿ ಏಳನೆಯವರೆಗೆ ಓದಿ ಬಿಟ್ಟಿದ್ದಳು. ಕನ್ನಡ ಮಾತಾಡುತ್ತಿದ್ದಳು, ತಮಿಳೂ ಮಾತಾಡುತ್ತಿದ್ದಳು, ಕನ್ನಡದ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಗುರುವಾರ ಸಂಜೆ ನಮ್ಮಪ್ಪ ವಾರಪತ್ರಿಕೆ ತಂದರೆ ಮೊದಲು ಅಜ್ಜಿ, ಆಮೇಲೆ ಅಮ್ಮ, ಆಮೇಲೆ ನಾನು. ನನ್ನ ಸರದಿ ಬಂದಾಗ ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಧಾರಾವಾಹಿಯನ್ನು ಜೋರಾಗಿ ಓದುತ್ತಿದ್ದೆ. ನಸೀಮಾ ಕೆಳಗಿನ ಮೆಟ್ಟಿಲಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತ ಕೇಳುತ್ತಿದ್ದಳು. ಆಗಲೇ ಅವಳ ಕೈಗೆ ಕೆಲಸ ಹತ್ತಿತ್ತು. ಓದು ಮುಗಿದ ಮೇಲೆ ನಾನು ಆ ಪುಟಗಳನ್ನು ಹರಿದು ಕೊಡುತ್ತಿದ್ದೆ. ವಾರವಾರದ ಪುಟಗಳು ಸೇರಿ ಕಥೆ ಮುಗಿದಾಗ ಅವಳು ದಪ್ಪ ಸೂಜಿಯಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದಳು. ಆಗ ಎಲ್ಲರ ಮನೆಯಲ್ಲೂ ಹೀಗೆ ಕಟ್ಟಿದ ಕಾದಂಬರಿಗಳು ಇರುತ್ತಿದ್ದವು, ನಿಮ್ಮ ಮನೆಯಲ್ಲೂ ಇದ್ದಿರಬೇಕು. ಆದರೆ ನಮ್ಮವುಗಳಷ್ಟು ಚೆಂದದ ಹೊಲಿಗೆ ಬೇರೆ ಯಾರ ಮನೆಯಲ್ಲೂ ಇರಲಿಲ್ಲ ಎಂದು ಪಣ ಕಟ್ಟಿ ಹೇಳಬಲ್ಲೆ.

ಮದುವೆಯಾಗಿ ಅವಳು ಶಿವಾಜಿನಗರಕ್ಕೆ ಹೋದಳು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮಹಡಿ ಮನೆ, ಕೆಳಗೆ ಗಂಡನ ಲೇಸು ಗುಂಡಿಗಳ ಅಂಗಡಿ. ನಾನು ಹಲಸೂರಿನಲ್ಲೇ ಉಳಿದೆ. ಗುರುವಾರ ಮಾತ್ರ ತಪ್ಪಲಿಲ್ಲ. ನನಗೆ ಕೆಲಸ ಸಿಕ್ಕಿದ್ದು ಕೃಷ್ಣರಾಜಪುರದ ಸ್ಕೂಲಿನಲ್ಲಿ. ಅಲ್ಲಿಂದ ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ ಜಾಮಿನಲ್ಲಿ ನಿಂತು ನಿಂತು ಶಿವಾಜಿನಗರ ತಲುಪುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಮಾರುಕಟ್ಟೆಯಲ್ಲಿ ಒಂದು ಮೊಳ ಹೂವು ಕೊಂಡು, ಮೆಟ್ಟಿಲು ಹತ್ತಿ, ಅವಳು ಕೊಟ್ಟ ಚಹಾ ಕುಡಿದು ಪುಸ್ತಕ ತೆರೆದರೆ ಹೋದ ಜೀವ ಬರುತ್ತಿತ್ತು. ನನ್ನ ಮಗಳು ಮೇಘಾ ಹುಟ್ಟಿದ ಮೇಲೆ ಅವಳನ್ನು ಕಂಟೋನ್ಮೆಂಟಿನ ಸ್ಕೂಲಿಗೇ ಹಾಕಿದೆವು. ಸ್ಕೂಲು ಬಿಟ್ಟ ಮೇಲೆ ನಾನು ಬರುವ ತನಕ ನಸೀಮಾಳ ಮನೆಯಲ್ಲೇ ಇರುತ್ತಿದ್ದಳು, ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತ ಬೆಳೆದಳು. ಹೀಗೆ ನಲವತ್ತು ವರ್ಷಕ್ಕೂ ಮೇಲೆ ನಾನು ಓದಿದೆ, ನಸೀಮಾ ಕೇಳಿದಳು. ಎಷ್ಟೋ ಸಲ ನಾನೇ, "ಒಂದು ತಿಂಗಳು ಕೂತ್ಕೋ, ನಿನಗೆ ಕನ್ನಡ ಓದೋದು ಕಲಿಸ್ಬಿಡ್ತೀನಿ" ಅಂದಿದ್ದುಂಟು. "ನಕ್ಕೋ, ಬೇಡ. ನೀನು ಓದ್ತೀಯಲ್ಲ, ನನಗ್ಯಾಕೆ?" ಎಂದು ಅವಳು ದಾರ ಕಚ್ಚಿ ಹರಿಯುತ್ತಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅವಳು ಬೇಡ ಅಂದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಒಂದು ಸಲ ಮಾತ್ರ ನಾನು ಅವಳಿಗೆ ಮೋಸ ಮಾಡಿದ್ದೇನೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ನಸೀಮಾ ಬಸುರಿ. ಹಿಂದಿನ ವರ್ಷ ಹುಟ್ಟಿದ ಮಗು ಉಳಿದಿರಲಿಲ್ಲ, ಹಾಗಾಗಿ ಈ ಸಲ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಎಂಟನೇ ತಿಂಗಳಿಗೆ ಅವಳು ಹಲಸೂರಿನ ತಾಯಿಯ ಮನೆಗೆ ಬಂದಳು, ನಮ್ಮ ಮೆಟ್ಟಿಲ ಓದು ಮತ್ತೆ ಶುರುವಾಯಿತು. ಆಗ ಓದುತ್ತಿದ್ದ ಧಾರಾವಾಹಿಯ ನಾಯಕಿ ಪದ್ಮಜಾ ಅಂತ, ಅವಳೂ ಬಸುರಿ. ನಸೀಮಾಳಿಗೆ ಅವಳ ಮೇಲೆ ಅಷ್ಟು ಪ್ರೀತಿ, "ಈ ವಾರ ಪದ್ಮಜಾಗೆ ಎಷ್ಟು ತಿಂಗಳು?" ಎಂದು ಕೇಳುತ್ತಿದ್ದಳು. ಒಂದು ಗುರುವಾರ ಪುಟ ತಿರುಗಿಸಿ ಮೊದಲೇ ಕಣ್ಣಾಡಿಸುತ್ತೇನೆ, ಆ ಲೇಖಕ ಮಹಾಶಯ ಹೆರಿಗೆಯಲ್ಲಿ ಪದ್ಮಜಾಳನ್ನು ಸಾಯಿಸಿಬಿಟ್ಟಿದ್ದಾನೆ. ನಸೀಮಾ ಕೆಳಗಿನ ಮೆಟ್ಟಿಲಲ್ಲಿ ಹೊಟ್ಟೆಯ ಮೇಲೆ ಸೀರೆ ಹರಡಿಕೊಂಡು, ಸೂಜಿ ಎತ್ತಿ ಕಾಯುತ್ತಿದ್ದಾಳೆ. ನಾನು "ಹೆರಿಗೆ ಸುಖವಾಗಿ ಆಯಿತು. ತಾಯಿ, ಮಗು ಇಬ್ಬರೂ ಕ್ಷೇಮ" ಎಂದು ಓದಿದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಥೆ ಇನ್ನೂ ಹನ್ನೊಂದು ವಾರ ನಡೆಯಿತು. ಸತ್ತವಳನ್ನು ಹನ್ನೊಂದು ವಾರ ಬದುಕಿಸಿ ಇಟ್ಟುಕೊಳ್ಳುವ ಕಷ್ಟ ಏನೆಂದು ಬಲ್ಲವರೇ ಬಲ್ಲರು. ಎಲ್ಲರೂ ಮಾತಾಡುವ ಕಡೆ ಅವಳಿಗೂ ಒಂದೆರಡು ಮಾತು ಸೇರಿಸಬೇಕು. ಅವಳ ತಿಥಿಯನ್ನು ಮಗುವಿನ ನಾಮಕರಣ ಮಾಡಬೇಕು. ಗಂಡ ಎರಡನೇ ಮದುವೆಗೆ ಹೊರಟಾಗ ಆ ಹೆಣ್ಣನ್ನು ಅವನ ತಂಗಿ ಎಂದು ಹೇಳಿ, ತಂಗಿಯ ಜೊತೆ ಅವನಿಗೇಕೆ ಇಷ್ಟು ಸಲಿಗೆ ಎಂದು ನಸೀಮಾ ಕೇಳದಂತೆ ನೋಡಿಕೊಳ್ಳಬೇಕು. ಒಂದು ವಾರ ಚಿತ್ರದಲ್ಲಿ ಪದ್ಮಜಾಳ ಫೋಟೊಗೆ ಹಾರ ಹಾಕಿತ್ತು. ಚಿತ್ರ ನೋಡಲು ಓದು ಬೇಕೇ? ನಸೀಮಾ ನೋಡಿಯೇ ಬಿಟ್ಟಳು. "ಇದ್ಯಾರು?" ಅಂದಳು. "ಅವಳ ಅಕ್ಕ. ಅವಳಿ ಜವಳಿ" ಅಂದೆ. ಅವಳು ಮತ್ತೆ ಹೊಲಿಗೆಗೆ ಬಗ್ಗಿದಳು. ಆ ನಡುವೆ ಅವಳಿಗೆ ಗಂಡು ಮಗುವಾಯಿತು, ತಾಯಿ ಮಗು ಇಬ್ಬರೂ ನಿಜವಾಗಿಯೇ ಕ್ಷೇಮ. ಬಾಣಂತಿ ಕೋಣೆಯಲ್ಲೇ ಅವಳು ಆ ಪುಟಗಳನ್ನೆಲ್ಲ ಹೊಲಿದಳು. ಪದ್ಮಜಾ ಸತ್ತ ಪುಟವನ್ನೂ ಅವಳದೇ ಸೂಜಿ ಚುಚ್ಚಿ ದಾಟಿತು. ಆ ಪುಸ್ತಕ ಅವಳ ಟ್ರಂಕಿಗೆ ಸೇರಿತು.

ಎಲ್ಲಿಂದ ಎಲ್ಲಿಗೋ ಬಂದೆ. ಖಾಕಿ ಕಾಗದಕ್ಕೆ ವಾಪಸ್ಸು ಹೋಗುತ್ತೇನೆ.

ಮೇಘಾ ಈಗ ಹಲ್ಲಿನ ಡಾಕ್ಟರು. ಇಂದಿರಾನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಕಳೆದ ವರ್ಷ ಅವಳಿಗೆ ವಾರದ ರಜೆ ಗುರುವಾರಕ್ಕೆ ಬಿತ್ತು. ಅಲ್ಲಿಂದ ಶುರುವಾಯಿತು ನನ್ನ ಶನಿ. ಒಂದು ಗುರುವಾರ ನಾನು ಮೆಟ್ಟಿಲು ಹತ್ತಿ ಹೋಗುತ್ತೇನೆ, ಮೇಘಾ ಮತ್ತು ನಸೀಮಾ ದಿವಾನದ ಮೇಲೆ ತಲೆಗೆ ತಲೆ ತಾಗಿಸಿ ಕೂತು ಏನನ್ನೋ ನೋಡುತ್ತಿದ್ದಾರೆ, ಇಬ್ಬರ ಭುಜವೂ ನಗುವಿಗೆ ಕುಣಿಯುತ್ತಿದೆ. ನನ್ನನ್ನು ಕಂಡ ತಕ್ಷಣ ಪುಸ್ತಕ ಮುಚ್ಚಿತು. ಅಚ್ಚುಕಟ್ಟಾದ ಖಾಕಿ ಬೈಂಡು, ಮೇಲೆ ಲೇಬಲ್ಲು. ಲೇಬಲ್ಲಿನ ಮೇಲೆ ಮೇಘಾಳ ಅಕ್ಷರ: ಹಲ್ಲು ಮತ್ತು ದವಡೆ, ಮೂರನೇ ಭಾಗ.

"ಖಾಲಾಗೆ ದವಡೆ ತೋರಿಸ್ತಿದ್ದೆ ಅಮ್ಮ" ಅಂದಳು ಮೇಘಾ.

ನಾನು ನಂಬಿದೆ. ನಸೀಮಾಳಿಗೆ ದವಡೆ ಹಲ್ಲು ನೋವಿರಬೇಕು, ನನಗೆ ಹೇಳಿದರೆ ಗಾಬರಿಯಾಗುತ್ತೇನೆ ಎಂದು ಮುಚ್ಚಿಟ್ಟಿದ್ದಾಳೆ ಅಂದುಕೊಂಡೆ. ಮೂರು ವಾರ ಮಾರುಕಟ್ಟೆಯಿಂದ ಹೂವಿನ ಜೊತೆ ಲವಂಗವನ್ನೂ ಕಟ್ಟಿಸಿಕೊಂಡು ಹೋದೆ. "ನೋವು ಹೇಗಿದೆಯೇ?" ಎಂದರೆ ಅವಳು, "ಹೌ, ಪರವಾಗಿಲ್ಲ" ಎಂದು ಲವಂಗವನ್ನು ಡಬ್ಬಿಗೆ ಹಾಕುತ್ತಿದ್ದಳು. ಆ ಮೂರು ವಾರದ ಲವಂಗದಲ್ಲಿ ಅವರ ಮನೆಯ ಬಿರಿಯಾನಿ ಬಹಳ ಚೆನ್ನಾಗಿ ಆಯಿತಂತೆ.

ಆದರೆ ಒಂದು ಸಂಗತಿ ನನ್ನನ್ನು ಚುಚ್ಚುತ್ತಿತ್ತು. ನಲವತ್ತು ವರ್ಷ ನಾನು ಎಂಥೆಂಥ ಕಥೆ ಓದಿದರೂ, ಕೊಲೆಯಾಗಲಿ ಮದುವೆಯಾಗಲಿ, ನಸೀಮಾ ಒಂದು ದಿನವೂ ಸೂಜಿ ಕೆಳಗಿಟ್ಟವಳಲ್ಲ. ಆ ಪುಸ್ತಕಕ್ಕೆ ಇಟ್ಟಿದ್ದಳು. ಯಾರದೋ ರೇಷ್ಮೆ ಸೀರೆ ಮೂಲೆಯಲ್ಲಿ ಬಿದ್ದಿತ್ತು, ಸೂಜಿ ದಿಂಬಿಗೆ ಚುಚ್ಚಿತ್ತು. ಹಲ್ಲುನೋವಿನವಳು ಯಾಕೆ ಹಾಗೆ ನಗುತ್ತಾಳೆ ಎಂದು ನನಗೆ ಹೊಳೆಯಲಿಲ್ಲ. ಸೂಜಿ ಕೆಳಗಿಟ್ಟಿದ್ದು ಮಾತ್ರ ಥಟ್ಟನೆ ಕಾಣಿಸಿತು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಾಲ್ಕನೇ ವಾರ ನಾನು ಚಪ್ಪಲಿಯನ್ನು ಕೆಳಗೇ ಬಿಟ್ಟು, ಸದ್ದಾಗದಂತೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಪುಸ್ತಕ ತೆರೆದಿತ್ತು. ಕಪ್ಪು ಬಿಳುಪಿನ ಚಿತ್ರ. ಇಬ್ಬರು ತರುಣರು ಒಂದೇ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ದವಡೆ ಇತ್ತು, ಇಲ್ಲ ಅನ್ನುವುದಿಲ್ಲ. ಹಿಂದೆ ಕೂತವನ ದವಡೆ ಮುಂದಿನವನ ಬೆನ್ನಿಗೆ ಒರಗಿತ್ತು, ಅವನು ಕಣ್ಣು ಮುಚ್ಚಿದ್ದ. ಮೇಘಾ ಓದಿ ಹೇಳುತ್ತಿದ್ದಳು, ನಸೀಮಾ ಕೆನ್ನೆಗೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

ಮೇಘಾ ಓದುತ್ತಿದ್ದಳು! ನನ್ನ ಜಾಗದಲ್ಲಿ ಕೂತು, ನನ್ನ ಗೆಳತಿಗೆ, ನನ್ನ ಗುರುವಾರ.

ಸಿಕ್ಕಿಬಿದ್ದ ಮೇಲೆ ಮೇಘಾ ವಿವರಿಸಿದಳು. ಜಪಾನಿನ ಕಾಮಿಕ್ಸಂತೆ. ಇಬ್ಬರು ಗಂಡಸರ ಪ್ರೇಮದ ಕಥೆ. ಬರೆಯುವವರು ಹೆಚ್ಚಾಗಿ ಹೆಂಗಸರು, ಓದುವವರೂ ಹೆಂಗಸರು. ಅಲ್ಲಿ ಇಂಥವು ರಾಶಿರಾಶಿ ಬರುತ್ತವಂತೆ, ಇಂಗ್ಲಿಷಿಗೆ ಬಂದವು ಇಂದಿರಾನಗರದಲ್ಲೂ ಸಿಗುತ್ತವಂತೆ. ಬಸ್ಸಿನಲ್ಲಿ, ಕ್ಲಿನಿಕ್ಕಿನಲ್ಲಿ ಯಾರೂ ಕೇಳದಿರಲಿ ಎಂದು ಈ ಬೈಂಡು, ಈ ಲೇಬಲ್ಲು. ಒಂದು ದಿನ ಮರೆತು ಇಲ್ಲಿ ಬಿಟ್ಟುಹೋಗಿದ್ದಳು. ಖಾಲಾ ತೆರೆದು ಚಿತ್ರಗಳನ್ನೆಲ್ಲ ನೋಡಿ, ಮುಂದಿನ ವಾರ ಬಂದಾಗ, "ಇವನು ಬಾಯಿ ಬಿಟ್ಟು ಯಾಕೆ ಹೇಳಲ್ಲ? ಏನ್ ಬರೆದಿದೆ ಹೇಳು" ಎಂದು ಹಿಡಿದು ಕೂರಿಸಿದರಂತೆ.

ಆಗ ನಾನು ಒಂದು ಭಾಷಣ ಮಾಡಿದೆ. "ನಾಚಿಕೆ ಆಗಲ್ವೇನೇ ನಿಮಗೆ? ಗಂಡಸು ಗಂಡಸು... ಈ ವಯಸ್ಸಲ್ಲಿ ಇದೆಲ್ಲ ಓದ್ಕೊಂಡು... ಮನೇಲಿ ಗೊತ್ತಾದ್ರೆ?" ಎಂದು ನೈತಿಕತೆಯ ಸೆರಗು ಹೊದ್ದು ನಿಂತೆ. ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ, ಅವರಿಬ್ಬರು ಗಂಡಸರಾಗಿದ್ದು ನನಗೆ ಒಂದಿಷ್ಟೂ ಚುಚ್ಚಿರಲಿಲ್ಲ. ಆ ಸೈಕಲ್ಲಿನ ಮೇಲೆ ಎರಡು ಆನೆ ಕೂತಿದ್ದರೂ ನಾನು ಅದೇ ಭಾಷಣ ಮಾಡುತ್ತಿದ್ದೆ. ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚು ಎಂದು ಹೇಳಿಕೊಳ್ಳಲು ಧೈರ್ಯ ಬೇಕು, ನೀತಿ ಹೇಳಲು ಏನೂ ಬೇಡ.

ನಸೀಮಾ ಸಿಟ್ಟಾಗಲಿಲ್ಲ. "ಶಾರೂ, ನಿಜ ಹೇಳ್ಲಾ?" ಅಂದಳು. "ಹುಡುಗ ಹುಡುಗಿ ಕಥೆ ಕೇಳ್ವಾಗ ನನಗೆ ಯಾವಾಗ್ಲೂ ಭಯ. ಈ ಹುಡುಗಿಗೆ ಏನಾಗುತ್ತೋ, ಅತ್ತೆ ಏನ್ ಮಾಡ್ತಾಳೋ, ಬಸುರಿ ಆದ್ರೆ ಬದುಕ್ತಾಳೋ ಇಲ್ವೋ. ಇದ್ರಲ್ಲಿ ಹುಡುಗೀನೇ ಇಲ್ಲ. ಯಾರೂ ಯಾರ ಸೊಸೇನೂ ಅಲ್ಲ. ಬರೀ ಪ್ರೀತಿ. ನನಗೆ ಆರಾಮಾಗಿ ನೋಡ್ಬೋದು."

ಇಷ್ಟು ಒಳ್ಳೆಯ ಮಾತನ್ನು ಕೇಳಿ ಮೆಚ್ಚಬೇಕಿತ್ತು. ನನಗೆ ಇನ್ನಷ್ಟು ಉರಿಯಿತು. ಅಂದರೆ ನಲವತ್ತು ವರ್ಷ ನಾನು ಓದಿದ್ದಕ್ಕೆಲ್ಲ ಇವಳು ಹೆದರಿಕೊಂಡೇ ಕೂತಿದ್ದಳು. ನನಗೆ ಒಂದು ಮಾತು ಹೇಳಲಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಮೇಘಾಳ ಎದುರು ಹೇಳಿಕೊಂಡಳು.

ಆಮೇಲಿನ ಗುರುವಾರಗಳಲ್ಲಿ ನಾನು ಓದುವಾಗ ಧ್ವನಿ ಏರಿಸಿದೆ, ಇಳಿಸಿದೆ, ಅತ್ತೆಗೊಂದು ಸೊಸೆಗೊಂದು ಕಂಠ ಕೊಟ್ಟೆ. ಸ್ಕೂಲಿನ ವಾರ್ಷಿಕೋತ್ಸವದ ನಾಟಕಕ್ಕೂ ನಾನು ಅಷ್ಟು ಕಷ್ಟಪಟ್ಟಿರಲಿಲ್ಲ. ನಸೀಮಾ ಎಂದಿನಂತೆ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ನನ್ನದು ಮುಗಿದು ಮೇಘಾ ಚೀಲಕ್ಕೆ ಕೈ ಹಾಕಿದರೆ ಸಾಕು, ಸೂಜಿ ದಿಂಬಿಗೆ. ಮನೆಗೆ ಬಸ್ಸಿನಲ್ಲಿ ಬರುವಾಗ ಮೇಘಾ ಪಕ್ಕದಲ್ಲೇ ಕೂತಿದ್ದರೂ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿರುತ್ತಿದ್ದೆ. ಹೆತ್ತ ಮಗಳ ಮೇಲೆ ಸವತಿಯ ಮೇಲಿನಂಥ ಸಿಟ್ಟು. ಬರೆಯಲೂ ನಾಚಿಕೆಯಾಗುತ್ತಿದೆ, ಆದರೆ ಇದ್ದದ್ದು ಇದ್ದ ಹಾಗೆ.

ಕಡೆಗೆ ನಾನೇ ಅದನ್ನು ಓದಿ ತೋರಿಸಬೇಕು ಎಂದು ತೀರ್ಮಾನಿಸಿದೆ. ಒಂದು ಶನಿವಾರ ಮಧ್ಯಾಹ್ನ, ಮೇಘಾ ಕ್ಲಿನಿಕ್ಕಿಗೆ ಹೋದ ಮೇಲೆ, ಅವಳ ಕಪಾಟಿನಿಂದ ಹಲ್ಲು ಮತ್ತು ದವಡೆಯ ಮೂರನೇ ಭಾಗ ಕದ್ದು ಅಡುಗೆಮನೆಯಲ್ಲಿ ಕೂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಾಗಿಲು ಹಾಕಿಕೊಂಡು, ಲೇಬಲ್ಲಿನ ಕಡೆಯಿಂದ ತೆರೆದು ಓದಿದೆ.

ಕಥೆ ಹೀಗಿದೆ. ಒಬ್ಬ ಸೈಕಲ್ ರಿಪೇರಿ ಅಂಗಡಿಯವನು, ಗಿಡ್ಡ. ಇನ್ನೊಬ್ಬ ಕಚೇರಿಗೆ ಹೋಗುವವನು, ಉದ್ದ. ಶುರುವಿನಲ್ಲೇ ಇಬ್ಬರೂ ಒಂದೇ ಮನೆಯಲ್ಲಿ ಸುಖವಾಗಿದ್ದಾರೆ, ಒಬ್ಬ ಅನ್ನ ಬಡಿಸುತ್ತಾನೆ, ಇನ್ನೊಬ್ಬ ಉಣ್ಣುತ್ತಾನೆ. ಆಮೇಲೆ ಅಪ್ಪಿಕೊಂಡು ಅಳುತ್ತಾರೆ. ಆಮೇಲೆ ಜಗಳ. ಮಾತುಗಳು ಮೊದಮೊದಲು ವಿಚಿತ್ರವೆನಿಸಿದವು. ಗಿಡ್ಡ "ಹೂಂ, ಇರ್ತೀನಿ" ಅನ್ನುತ್ತಾನೆ, ಅದಾದ ಮೇಲೆ ಉದ್ದದವನು "ನನ್ನ ಜೊತೆ ಇರ್ತೀಯಾ?" ಎಂದು ಕೇಳುತ್ತಾನೆ. ಜಪಾನಿನವರು ಬಹಳ ಸಭ್ಯರು, ಕೇಳುವ ಕಷ್ಟ ಕೊಡಬಾರದೆಂದು ಮೊದಲೇ ಉತ್ತರ ಹೇಳಿಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬರಬರುತ್ತ ಇಬ್ಬರೂ ದೂರವಾದರು. ಉದ್ದದವನು ಒಂದು ಪುಟದಲ್ಲಿ ತನ್ನ ಸೈಕಲ್ಲಿನ ಟೈರಿಗೆ ತಾನೇ ಗುಂಡುಸೂಜಿ ಚುಚ್ಚಿದ, ಸಂಕಟಕ್ಕೆ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಕೊನೆಗೆ ನಮಸ್ಕಾರವನ್ನೂ ಅಂಜಿ ಅಂಜಿ ಮಾಡುವಷ್ಟು ಅಪರಿಚಿತರಾದರು. ಕೊನೆಯ ಪುಟದಲ್ಲಿ ಅಂಗಡಿಯ ಮುಂದೆಯೇ ಸೈಕಲ್ಲು ತುಳಿಯುತ್ತ ಉದ್ದದವನು ತಿರುಗಿಯೂ ನೋಡದೆ ಹೊರಟುಹೋದ. ಗಿಡ್ಡ ತಲೆ ತಗ್ಗಿಸಿಕೊಂಡು ಯಾರದೋ ಚಕ್ರ ತಿರುಗಿಸುತ್ತಿದ್ದ.

ನಾನು ಅತ್ತೆ. ಸೆರಗು ಒದ್ದೆಯಾಗುವಷ್ಟು ಅತ್ತೆ. ಇಷ್ಟು ವರ್ಷ ಅನ್ನ ಬಡಿಸಿದವರು ಒಂದು ದಿನ ಹೀಗೆ ಮುಖ ನೋಡದೆ ಹೋಗಿಬಿಡುತ್ತಾರೆ, ಅದಕ್ಕೆ ಕಾರಣವೂ ಇರುವುದಿಲ್ಲ ಅನಿಸಿತು. ಆ ಗಿಡ್ಡನ ಮೇಲೆ ನನಗೆ ಹೇಳತೀರದ ಕನಿಕರ ಬಂತು. ಅದು ಯಾರ ಮೇಲಿನ ಕನಿಕರ ಎಂದು ನಿಮಗೆ ಗೊತ್ತಾಗಿರಬೇಕು.

ಗುರುವಾರ ಮೆಟ್ಟಿಲನ್ನು ಗತ್ತಿನಿಂದ ಹತ್ತಿದೆ. ಇಬ್ಬರೂ ಇದ್ದರು. ಚಹಾ ಬಂತು. ಲೋಟವನ್ನು ಕೆಳಗಿಟ್ಟು, "ನಾನೂ ಓದಿದೆ ನಿಮ್ಮ ದವಡೆ" ಅಂದೆ.

ಮೇಘಾ ಕಣ್ಣರಳಿಸಿದಳು. "ನಿಜವಾಗ್ಲೂ? ಹೆಂಗಿತ್ತಮ್ಮ?"

"ಚೆನ್ನಾಗಿದೆ. ನಿಜವಾದ ಕಥೆ. ಕೊನೆಗೆ ಅವನು ತಿರುಗಿಯೂ ನೋಡದೆ ಹೋಗ್ಬಿಡ್ತಾನಲ್ಲ, ಅದೇ ಸರಿ. ಎಷ್ಟು ವರ್ಷ ಜೊತೆಗಿದ್ರೇನು? ಹೊಸಬರು ಸಿಕ್ಕಿದ್ಮೇಲೆ ಹಳಬರು ಯಾರಿಗೆ ಬೇಕು?" ಎಂದು ನಸೀಮಾಳ ಮುಖವನ್ನೇ ನೋಡಿದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಸ್ಫೋಟವಾದದ್ದು ಮೇಘಾ. ಚಹಾ ಮೂಗಿಗೆ ಹತ್ತಿ ಕೆಮ್ಮುತ್ತ ನಕ್ಕಳು. "ಅಮ್ಮಾ... ನೀನು ಹಿಂದಿನಿಂದ ಓದಿದೀಯ! ಜಪಾನಿ ಪುಸ್ತಕ ಬಲಗಡೆಯಿಂದ ಶುರುವಾಗತ್ತೆ. ಅವನು ನೋಡದೆ ಹೋಗೋದು ಮೊದಲನೇ ಪುಟ. ಆಗಿನ್ನೂ ಪರಿಚಯಾನೇ ಇಲ್ಲ. ಆಮೇಲೆ ಅಂಗಡಿಗೆ ಬರೋಕೆ ನೆಪ ಬೇಕು ಅಂತ ಬೇಕ್ಬೇಕಂತ ಟೈರಿಗೆ ಪಿನ್ ಚುಚ್ಕೋತಾನೆ!" ನಮ್ಮ ಕಡೆಯಿಂದ ತೆರೆಯುವವರಿಗೆ ಒಳಗೆ ಒಂದು ಎಚ್ಚರಿಕೆಯ ಪುಟ ಇರುತ್ತದಂತೆ. ಅದು ಬೈಂಡಿನ ಮಡಿಕೆಯೊಳಗೆ ಸೇರಿಹೋಗಿತ್ತು. ನೋಡಿದವರಿಗೆ ಅನುಮಾನ ಬರದಿರಲೆಂದು ಲೇಬಲ್ಲನ್ನು ಸ್ಕೂಲು ಪುಸ್ತಕದ ಹಾಗೆ ಈ ಕಡೆಗೇ ಅಂಟಿಸಿದ್ದಳು. ಮೂವತ್ತು ವರ್ಷ ಲೇಬಲ್ಲು ನೋಡಿ ನಂಬಿದವಳು ನಾನು.

"ಖಾಲಾಗೆ ಹೇಳಿಕೊಡೋದೇ ಬೇಕಾಗ್ಲಿಲ್ಲ ಗೊತ್ತಾ? ನನ್ನ ಫ್ರೆಂಡ್ಸೆಲ್ಲ ಒದ್ದಾಡ್ತಾರೆ. ಇವರು ಸೀದಾ ಬಲಗಡೆಯಿಂದ ತೆಗೆದ್ರು."

"ಅರೆ, ಉರ್ದು ಪುಸ್ತಕ ಹಂಗೇ ಅಲ್ವಾ ಇರೋದು? ನಿಮ್ದೇ ಉಲ್ಟಾ" ಎಂದು ನಸೀಮಾಳೂ ಕಣ್ಣೊರೆಸಿಕೊಂಡು ನಕ್ಕಳು.

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಅವತ್ತು ಆ ಪುಸ್ತಕದ ದಿಕ್ಕು ಕೂಡ ಅವರಿಬ್ಬರ ಕಡೆ, ನಾನೊಬ್ಬಳು ಈ ಕಡೆ ಅನಿಸಿಬಿಟ್ಟಿತು. "ನಗಿ, ಚೆನ್ನಾಗಿ ನಗಿ" ಎಂದು ಎದ್ದೆ. "ಇನ್ಮೇಲೆ ನಾನು ಗುರುವಾರ ಬರಲ್ಲ ನಸೀಮಾ. ನಿನಗೆ ಓದಿ ಹೇಳೋಕೆ ಇವಳಿದಾಳೆ. ನನ್ನ ಓದಿಗೆ ಒಂದು ದಿನಾನೂ ಸೂಜಿ ಕೆಳಗಿಟ್ಟೋಳಲ್ಲ ನೀನು. ನಾನು ಯಾಕೆ ಬರ್ಬೇಕು?"

ನಗು ನಿಂತಿತು. ಮೇಘಾ ನನ್ನ ಕೈ ಹಿಡಿಯಲು ಬಂದಳು, ನಾನು ಕೊಡವಿಕೊಂಡೆ. ನಸೀಮಾ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದಾಯಿತು. ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅವಳು ಹಳದಿ ತಿರುಗಿದ ಒಂದು ಕಟ್ಟು ಹಿಡಿದುಕೊಂಡು ಬಂದಳು. ಅವಳದೇ ಹೊಲಿಗೆ, ಕೆಂಪು ದಾರ. ನಡುವೆ ಎಲ್ಲೋ ಫಾಲಿನ ಬಟ್ಟೆಯ ಚೂರೊಂದನ್ನು ಗುರುತಿಗೆ ಇಟ್ಟಿತ್ತು. ಆ ಪುಟ ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಓದತೊಡಗಿದಳು.

"ಪದ್ಮಜಾ... ಮತ್ತೆ... ಕಣ್ಣು ತೆರೆಯಲಿಲ್ಲ. ಮಗು ಮಾತ್ರ... ಅಳುತ್ತಲೇ ಇತ್ತು."

ನಾನು ಒಂದು ಕಾಲಿನ ಚಪ್ಪಲಿಯಲ್ಲಿ ಹಾಗೇ ನಿಂತೆ.

"ನೀನು ಕಥೆ ಉಲ್ಟಾ ಮಾಡೋದು ಹೊಸದೇನಲ್ಲ ಬಿಡು" ಅಂದಳು ನಸೀಮಾ. "ಅಲ್ಲಿ ಸತ್ತವಳನ್ನ ಬದುಕಿಸ್ದೆ. ಇಲ್ಲಿ ಸೇರಿದವರನ್ನ ಬೇರೆ ಮಾಡ್ದೆ."

"ನಿನಗೆ... ಓದೋಕೆ ಬರುತ್ತಾ?"

"ಹದಿನೇಳು ಹದಿನೆಂಟು ವರ್ಷ ಆಯ್ತು. ಮೊದಲು ಓದಿದ್ದೇ ಇದನ್ನ. ಆ ಹಾರ ಹಾಕಿದ ಫೋಟೊ ನನ್ನ ತಲೇಲೇ ಇತ್ತು. ಅವಳಿ ಜವಳಿ ಅಂತೆ!" ಎಂದು ಮೂಗು ಮುರಿದಳು. "ಓದಿ ಒಬ್ಬಳೇ ಕೂತು ಎಷ್ಟು ಅತ್ತೆ ಗೊತ್ತಾ? ಪದ್ಮಜಾಗಲ್ಲ. ಹನ್ನೊಂದು ವಾರ ನೀನು ಅಷ್ಟೊಂದು ಸುಳ್ಳು ಹೊಲಿದ್ಯಲ್ಲ, ಅದಕ್ಕೆ. ನಿನ್ನ ಕಥೇನೇ ಚೆನ್ನಾಗಿತ್ತು ಶಾರೂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ಯಾ? ಓದೋಕೆ ಬರುತ್ತಲ್ಲ, ನೀನೇ ಓದ್ಕೋ ಅಂತಿದ್ದೆ. ಟಿನ್ ಫ್ಯಾಕ್ಟರೀಲಿ ಅಷ್ಟು ಹೊತ್ತು ನಿಂತ್ಕೊಂಡು ಯಾರು ಬರ್ತಾರೆ?" ಅವಳು ಕಟ್ಟನ್ನು ಮುಚ್ಚಿದಳು. "ಸೂಜಿ ಅಂದ್ಯಲ್ಲ. ಮೇಘಾ ಪುಸ್ತಕದಲ್ಲಿ ಚಿತ್ರ ನೋಡ್ಬೇಕು, ಅದಕ್ಕೆ ಕೆಳಗಿಡ್ತೀನಿ. ನಿನ್ನದು ಬರೀ ಕೇಳೋದು. ನೀನು ಓದ್ತಿದ್ರೆ ನನ್ನ ಕೈ ತಾನೇ ಓಡುತ್ತೆ. ಮಿಕ್ಕ ದಿನ ಅರ್ಧ ಸೀರೇನೂ ಆಗಲ್ಲ, ಬೇಕಾದ್ರೆ ಗಿರಾಕಿಗಳನ್ನ ಕೇಳು."

ಇಷ್ಟಾದ ಮೇಲೆ ಯಾರಾದರೂ ಸರಿ, ಓಡಿಹೋಗಿ ಗೆಳತಿಯನ್ನು ತಬ್ಬಿಕೊಳ್ಳುತ್ತಿದ್ದರು. ನನಗೂ ಎದೆ ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ನನ್ನ ಬಾಯಿಂದ ಬಂದ ಮೊದಲ ಮಾತು ಇದು:

"ಯಾರೇ ನಿನಗೆ ಕನ್ನಡ ಕಲಿಸಿದ್ದು?"

ನಸೀಮಾ ಮೇಘಾಳ ಕಡೆ ನೋಡಿದಳು. ದಿವಾನದ ಆ ತುದಿಯಲ್ಲಿ ಮೇಘಾ ಮೆಲ್ಲನೆ ಕೈ ಎತ್ತಿದಳು.

"ನಾನು ಎರಡನೇ ಕ್ಲಾಸಲ್ಲಿದ್ದಾಗ ಅಮ್ಮ. ನೀನು ಬರೋದು ಲೇಟಾಗ್ತಿತ್ತಲ್ಲ, ಟೀಚರ್ ಆಟ ಆಡ್ತಿದ್ವಿ. ಖಾಲಾ ಸ್ಟೂಡೆಂಟು." ಅವಳು ನನ್ನ ಕಡೆ ತಿರುಗಿ ಹೇಳಿದಳು, "ನಾನು ನೀನಾಗ್ತಿದ್ದೆ. ಖಾಲಾದು ದುಪಟ್ಟಾನ ನಿನ್ನ ಥರ ಸೀರೆ ಮಾಡಿ ಉಟ್ಕೊಂಡು, ನಿನ್ನ ಥರಾನೇ ಬೈತಿದ್ದೆ."

"ಹೌ, ಬಹಳ ಬೈತಿದ್ಲು" ಅಂದಳು ನಸೀಮಾ.

ನಾನು ಚಪ್ಪಲಿ ಬಿಟ್ಟೆ. ಒಳಗೆ ಬಂದು ಕಣ್ಣು ಮೂಗು ಒರೆಸಿಕೊಂಡೆ. ದಿವಾನದ ಮೇಲೆ ಇಬ್ಬರ ಮಧ್ಯೆ ಒಂದು ಗೇಣು ಜಾಗವೂ ಇರಲಿಲ್ಲ. "ಸರಿಯಿರಿ ಆ ಕಡೆ" ಎಂದು ಅಲ್ಲೇ ಕೂತೆ.